ಒಲೆಯಿಂದ ಇಳಿದ ಗಡಿಗೆ

ಹ್ಯಾಚ್‌ಕೂಮ್ ಎಂಬ ಊರು ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಊರೆಂದರೆ ಒಂದು ಬೀದಿ, ಒಂದು ಚರ್ಚು, ಎರಡು ಹೆಂಡದಂಗಡಿ, ಉಳಿದದ್ದು ಕೆಸರು. ಉತ್ತರದ ಕಡೆ ಲಕ್ಷ ಜನ ಮಗ್ಗದ ಮುಂದೆ ಕೆಮ್ಮಿ ಕೆಮ್ಮಿ ಸಾಯುವ ಪಟ್ಟಣಗಳಿದ್ದವು. ಅವಕ್ಕೆ ಒಬ್ಬನನ್ನೂ ಕಳಿಸುವ ಹಕ್ಕಿರಲಿಲ್ಲ. ಹ್ಯಾಚ್‌ಕೂಮಿಗೆ ಇತ್ತು. ಯಾವುದೋ ಕಾಲದಲ್ಲಿ ಯಾವನೋ ರಾಜ ಇಲ್ಲಿ ತಂಗಿದ್ದನಂತೆ, ಊಟ ಚೆನ್ನಾಗಿತ್ತಂತೆ. ರಾಜರ ಹೊಟ್ಟೆ ತುಂಬಿದ ಹೊತ್ತಿನಲ್ಲಿ ಇಂಥ ಹಕ್ಕುಗಳು ಹುಟ್ಟುತ್ತವೆ.

ಓಟು ಯಾರಿಗೆ? ಸ್ವಂತ ಒಲೆಯ ಮೇಲೆ ಸ್ವಂತ ಗಡಿಗೆ ಕುದಿಸುವವನಿಗೆ. ಇಷ್ಟೇ ಕಾನೂನು. ಹೊಲ ಬೇಡ, ಅಕ್ಷರ ಬೇಡ, ಬುದ್ಧಿಯಂತೂ ಬೇಡವೇ ಬೇಡ. ಗಡಿಗೆ ಕುದಿಯಬೇಕು, ಕುದಿಸುವವನು ಯಾರ ದಾನವನ್ನೂ ತಿಂದಿರಬಾರದು. ಒಬ್ಬನ ಒಲೆಯ ಮೇಲೆ ಅನುಮಾನ ಬಂದರೆ ಅವನು ಗಡಿಗೆಯನ್ನು ಬೀದಿಗೆ ತಂದು ಅಧಿಕಾರಿಯ ಕಣ್ಣೆದುರೇ ಕುದಿಸಿ ತೋರಿಸಬಹುದು. ಅಜ್ಜಂದಿರ ಕಾಲದಿಂದ ನಡೆದು ಬಂದ ಪದ್ಧತಿ.

ಗಡಿಗೆ ಕುದಿಸುವವನು ಗಂಡಸು ಎಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಬೀಳದಷ್ಟು ಅದು ಎಲ್ಲರಿಗೂ ಗೊತ್ತಿತ್ತು. ಒಲೆಯ ಮುಂದೆ ಕೂತು ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡ ಗಂಡಸನ್ನು ಮಾತ್ರ ಊರಲ್ಲಿ ಯಾರೂ ನೋಡಿರಲಿಲ್ಲ. ನೀರು ಹೊರುವವಳು ಹೆಂಗಸು, ಉರುವಲು ಹೊರುವವಳು ಹೆಂಗಸು, ತಳ ಹಿಡಿದರೆ ಬೈಸಿಕೊಳ್ಳುವವಳೂ ಹೆಂಗಸು. ಕುದಿ ಬಂದ ಕೂಡಲೇ ಗಡಿಗೆ ಗಂಡನದಾಗುತ್ತಿತ್ತು.

ಡಾರ್ಕಸ್ ಯೋ ಇಪ್ಪತ್ತು ವರ್ಷ ಹೀಗೆ ಗಂಡನ ಓಟನ್ನು ಕುದಿಸಿದವಳು. ಬದುಕಿಗೆ ಲಾರ್ಡ್ ಪೆನ್‌ಹ್ಯಾಲೋ ದಣಿಗಳ ಬಂಗಲೆಯ ಬಟ್ಟೆ ಒಗೆಯುತ್ತಿದ್ದಳು. ಬೂದಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ಸಂದುಗಳು ಸೀಳಿದ್ದವು. ಚಳಿಗಾಲದಲ್ಲಿ ಆ ಸೀಳುಗಳಿಂದ ರಕ್ತ ಬರುತ್ತಿತ್ತು. ದಣಿಗಳ ಅಂಗಿಗೆ ರಕ್ತದ ಕಲೆ ತಾಗಿದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ರಕ್ತಕ್ಕೆ ಅಲ್ಲಿ ಅಷ್ಟು ಬೆಲೆ ಇತ್ತು.

ಗಂಡ ಗಿಡಿಯನ್ ಹಿಂದಿನ ಚುನಾವಣೆಯಲ್ಲಿ ದಣಿಗಳು ಹೇಳಿದವರಿಗೇ ಓಟು ಹಾಕಿದ್ದ. ಹಾಕದೆ ಏನು? ಇರುವ ಗುಡಿಸಲು ದಣಿಗಳದ್ದು. ಓಟು ಗುಟ್ಟಿನದ್ದೂ ಅಲ್ಲ. ಅಟ್ಟಣೆಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೆಸರು ಹೇಳಬೇಕು. ದಣಿಗಳ ಪಾರುಪತ್ಯಗಾರ ಕಟ್ಲಿಫ್ ಪಕ್ಕದಲ್ಲೇ ನಿಂತು ಕಿವಿ ನಿಮಿರಿಸಿ ಕೇಳುತ್ತಿದ್ದ. ಹಾಗೆ ಗೆದ್ದ ಇಬ್ಬರಲ್ಲಿ ಒಬ್ಬ ಮಹಾಶಯ ಲಂಡನ್ನಿಗೆ ಹೋಗಿ ಮಾಡಿದ ಮೊದಲ ಕೆಲಸವೆಂದರೆ ಹ್ಯಾಚ್‌ಕೂಮಿನ ಬಯಲಿಗೆ ಗೋಡೆ ಹಾಕುವ ಕಾನೂನು ತಂದದ್ದು. ಆ ಬಯಲಿನ ಜವುಗಿನಲ್ಲಿ ಊರವರು ಕೊಳೆತ ಬೇರುನಾರು ತುಂಬಿದ ಮಣ್ಣಿನ ಹೆಂಟೆ ಅಗೆದು, ಒಣಗಿಸಿ, ಒಲೆಗೆ ಹಾಕುತ್ತಿದ್ದರು. ಊರಿಗೆ ಇದ್ದ ಉರುವಲು ಅದೊಂದೇ. ಈಗ ಬಯಲು ದಣಿಗಳ ಕುರಿಗಳಿಗೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ನಾವು ಕೇಳಿದ್ದೇವೆ. ಇಲ್ಲಿ ಆ ಬೇಲಿಯನ್ನು ಓಟು ಕೊಟ್ಟು ಆರಿಸಿದ್ದರು. ಅವರ ಗಡಿಗೆಗಳೇ ಲಂಡನ್ನಿಗೆ ಹೋಗಿ ಅವರ ಒಲೆ ಆರಿಸಿ ಬಂದಿದ್ದವು.

ಗೋಡೆ ಕಟ್ಟಿದ್ದು ಯಾರು? ಊರವರೇ, ಕೂಲಿಗೆ. ಗಿಡಿಯನ್ ಕಲ್ಲು ಹೊತ್ತ. ಒಂದು ದಿನ ಗೋಡೆಯ ಸಾಲು ಜಾರಿ ಅವನ ಸೊಂಟದ ಮೇಲೆ ಬಿತ್ತು. ಅಂದಿನಿಂದ ಕಾಲು ಆಡಲಿಲ್ಲ. ದಣಿಗಳು ತುಂಬಾ ನೊಂದುಕೊಂಡರಂತೆ. ಬಿದ್ದ ಸಾಲನ್ನು ಮತ್ತೆ ಕಟ್ಟಿಸಿದರು.

1830ರ ಫೆಬ್ರವರಿಯಲ್ಲಿ ಆ ಸದಸ್ಯ ಮಹಾಶಯ ನರಿಬೇಟೆಗೆ ಹೋಗಿ, ಬೇಲಿ ಹಾರುವಾಗ ಕುದುರೆಯಿಂದ ಬಿದ್ದು, ದೇಶಕ್ಕಾಗಿ ಪ್ರಾಣ ಬಿಟ್ಟ. ಖಾಲಿಯಾದ ಜಾಗಕ್ಕೆ ದಣಿಗಳ ಸೋದರಳಿಯ ಎವರಾರ್ಡ್ ನಿಂತ. ಅವನ ಎದುರು ಟಾಂಟನ್ನಿನ ಉಣ್ಣೆ ವ್ಯಾಪಾರಿ ಲಾಕ್ ನಿಂತ. ಬಯಲಿನ ಗೋಡೆ ಒಡೆಸುತ್ತೇನೆ ಎಂದ. ಒಡೆಸುತ್ತಾನೆಂದು ಯಾರೂ ನಂಬಲಿಲ್ಲ. ಆದರೆ ಗೋಡೆ ಎಂಬ ಮಾತನ್ನು ಬಾಯಿಬಿಟ್ಟು ಆಡಿದವನು ಅವನೊಬ್ಬನೇ. ಊರ ಅರ್ಧಕ್ಕೂ ಹೆಚ್ಚು ಗಡಿಗೆಗಳು ಲಾಕ್ ಕಡೆ ವಾಲಿದವು, ಡಾರ್ಕಸ್ ಮನೆಯದೂ ಸೇರಿ.

ಆಗ ದಣಿಗಳಿಗೆ ದಯೆ ಬಂತು.

ಬಂಗಲೆಯಿಂದ ಸಾರಿನ ಗಾಡಿ ಹೊರಟಿತು. ಬಟಾಣಿ ಸಾರು, ಮೇಲೆ ನೆಣದ ಚೂರು. ಚಳಿಗೆ ಬೀದಿಯೆಲ್ಲ ಘಮ್ಮೆಂದಿತು. ಜನ ಟರ್ನಿಪ್ ಗೆಡ್ಡೆಯನ್ನು ಹಸಿಯಾಗಿ ಅಗಿದು ಹಲ್ಲು ಜುಮ್ಮೆನ್ನಿಸಿಕೊಂಡು ಕೂತಿದ್ದ ಕಾಲ. ಕಟ್ಲಿಫ್ ಕೈಯಾರೆ ಸೌಟು ಹಿಡಿದು ಬಡಿಸುತ್ತಾ ಬಂದ. ಡಾರ್ಕಸ್ ಬಾಗಿಲಲ್ಲಿ ನಿಂತು ನೋಡಿದಳು. ಗಾಡಿ ಸೈಮನ್ ಪ್ರಿಂಗ್‌ನ ಮನೆಯ ಮುಂದೆ ನಿಲ್ಲಲಿಲ್ಲ. ಸೈಮನ್ ದಣಿಗಳ ಹೆಸರು ಕೇಳಿದರೆ ಟೋಪಿ ತೆಗೆಯುವವನು. ಅವನ ಮಕ್ಕಳ ಹೊಟ್ಟೆಯೂ ಖಾಲಿ. ಅವನ ಹೆಂಡತಿ ಜೋನ್ ತಟ್ಟೆ ಹಿಡಿದು ಹೊರಗೆ ಬಂದವಳು ಹಾಗೇ ಒಳಗೆ ಹೋದಳು. ದಣಿಗಳನ್ನು ಬಾಯಿಗೆ ಬಂದಂತೆ ಬೈಯುವವರ ಮನೆಗಳ ಮುಂದೆ ಮಾತ್ರ ಗಾಡಿ ತಪ್ಪದೆ ನಿಂತಿತು.

ಬೈದವರಿಗೆ ಸಾರು, ಹೊಗಳಿದವರಿಗೆ ಬರೀ ವಾಸನೆ. ಡಾರ್ಕಸ್‌ಗೆ ಇದು ಸರಿಬರಲಿಲ್ಲ. ದಣಿಗಳ ಮನೆಯ ಬಟ್ಟೆ ಒಗೆದವಳಿಗೆ ದಣಿಗಳ ಕೊಳೆ ಎಲ್ಲಿರುತ್ತದೆಂದು ಗೊತ್ತಿರುತ್ತದೆ.

"ತಗೋ ಡಾರ್ಕಸ್, ಪಾತ್ರೆ ಹಿಡಿ," ಎಂದ ಕಟ್ಲಿಫ್. "ದೊಡ್ಡ ದಣಿಗಳು ನಿನ್ನ ಗಂಡನ್ನ ನೆನೆಸ್ಕೊಂಡು ಕಣ್ಣೀರು ಹಾಕಿದ್ರು."

"ಪಾಪ. ಆ ಕಣ್ಣೀರು ಒರೆಸಿದ ಕರವಸ್ತ್ರ ಈ ವಾರದ ಒಗೆತಕ್ಕೆ ಬಂದಿಲ್ವಲ್ಲ ಸ್ವಾಮಿ."

ಕಟ್ಲಿಫ್ ನಕ್ಕ. ಅವನಿಗೆ ನಗಲು ಬರುತ್ತಿತ್ತು. "ಹೊಟ್ಟೆ ಹಸಿದಾಗ್ಲೂ ನಾಲಿಗೆ ಚುರುಕಾಗಿದೆ ನೋಡು. ಹಿಡಿ, ಆರಿಹೋಗ್ತದೆ."

"ಇದು ದಾನವೋ ಕೂಲಿಯೋ?"

"ದಾನ ಕಣಮ್ಮ. ಕೂಲಿ ಆಗೋಕೆ ಕೆಲಸ ಮಾಡಿರ್ಬೇಕಲ್ಲ."

"ಹೋದ ವಾರದ ಹಾಸುಬಟ್ಟೆ ಒಗೆದಿದ್ದೀನಲ್ಲ. ಅದಕ್ಕೆ ಕೂಲಿ ಬಂದಿಲ್ಲ. ಆ ಕೂಲಿ ಲೆಕ್ಕಕ್ಕೆ ಇದು ಅಂತ ನಾಲ್ಕು ಜನರ ಮುಂದೆ ಹೇಳಿ. ಗಡಿಗೆ ತುಂಬ ಹಿಡೀತೀನಿ."

ಸೌಟು ಗಾಳಿಯಲ್ಲೇ ನಿಂತಿತು. "ಅದೆಲ್ಲ ಯಾಕೆ? ದಾನ ಅಂತಾನೇ ತಗೋಬೇಕು."

"ಹೆಸರಲ್ಲೇನಿದೆ ಸ್ವಾಮಿ? ಸಾರು ಅದೇ ಸಾರು. ಕೂಲಿ ಅಂದುಬಿಡಿ."

"ದಾನ ಅಂದ್ರೆ ದಾನ," ಎಂದ ಕಟ್ಲಿಫ್. ಈ ಸಲ ನಗಲಿಲ್ಲ.

ಅಲ್ಲಿಗೆ ಅವಳಿಗೆ ಎಲ್ಲ ತಿಳಿಯಿತು. ದಾನ ತಿಂದವನಿಗೆ ಓಟಿಲ್ಲ. ಸೌಟಿನ ತುಂಬ ಸಾರು ಕೊಟ್ಟು ಒಂದೊಂದು ಓಟನ್ನು ಎತ್ತಿಕೊಂಡು ಹೋಗುತ್ತಿದ್ದರು. ಒಳಗಿನಿಂದ ಗಿಡಿಯನ್ ಮೂಗೆಳೆಯುತ್ತಾ ಕೂಗಿದ, "ಏ ಡಾರ್ಕಸ್, ಹಿಡ್ಕೊಳ್ಳೆ. ಎಷ್ಟು ದಿನ ಆಯ್ತು ಬಿಸಿ ಕಂಡು." ಅವಳ ಹೊಟ್ಟೆಯೂ ಅದನ್ನೇ ಹೇಳುತ್ತಿತ್ತು. ಬಾಯಲ್ಲಿ ನೀರೂರಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಈ ಮನೆಗೆ ದಾನ ಬೇಡ," ಎಂದಳು, ಬೀದಿಗೆಲ್ಲ ಕೇಳುವಂತೆ. "ತಗೊಂಡ್ಹೋಗಿ ನಿಮ್ಮ ನಾಯಿಗಳಿಗೆ ಹಾಕಿ. ಅವಕ್ಕೆ ಓಟಿಲ್ಲ, ಕಳ್ಕೊಳ್ಳೋದೂ ಇಲ್ಲ."

ಗಾಡಿ ಮುಂದೆ ಹೋದ ಮೇಲೆ ಅವಳು ಮನೆಮನೆಗೆ ಹೋಗಿ ಹೇಳಿದಳು. ಕೆಲವರು ಆಗಲೇ ತಟ್ಟೆ ನೆಕ್ಕುತ್ತಿದ್ದರು. ಒಬ್ಬ ಮುದುಕ ಬಾಯಿ ಒರೆಸಿಕೊಂಡು, "ಇರ್ಲಿ ಬಿಡವ್ವ, ಓಟು ಕಚ್ಚಿದ್ರೆ ಹಲ್ಲಿಗೆ ಸಿಗಲ್ಲ, ನೆಣ ಸಿಗ್ತದೆ," ಎಂದ. ಡಾರ್ಕಸ್ ಅವನನ್ನು ಬೈಯದೆ ಮುಂದಿನ ಮನೆಗೆ ನಡೆದಳು. ಆ ದಿನ ಗಿಡಿಯನ್ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಓಟಿನ ದಿನ ಬಂತು. ಅಂದಿನ ಮಟ್ಟಿಗೆ ಕುದಿಸಲೆಂದು ಎಷ್ಟೋ ಮನೆಯವರು ಮಂಚದ ಕಾಲು, ಬಾಗಿಲ ಹಲಗೆ ಮುರಿದು ಒಲೆಗೆ ಹಾಕಿದ್ದರು. ಹೆಂಡದಂಗಡಿಯ ಮುಂದೆ ಅಟ್ಟಣೆ ಕಟ್ಟಿದ್ದರು. ಅಧಿಕಾರಿಯಾಗಿ ಕೂತವನು ರೊಟ್ಟಿ ಅಂಗಡಿಯ ಟರ್ಲ್. ಬಂಗಲೆಗೆ ರೊಟ್ಟಿ ಹಾಕುವವನು, ಆದ್ದರಿಂದ ನಿಷ್ಪಕ್ಷಪಾತಿ. ಎವರಾರ್ಡ್ ಹೊಸ ಕೋಟು ಹಾಕಿ ಆಕಳಿಸುತ್ತಾ ನಿಂತಿದ್ದ. ಇನ್ನೊಂದು ಬದಿಯಲ್ಲಿ ಲಾಕ್ ಮತ್ತು ಅವನ ವಕೀಲ ನಿಂತಿದ್ದರು.

ಒಬ್ಬೊಬ್ಬರೇ ಬಂದರು. ಟರ್ಲ್ ತಲೆ ಎತ್ತದೆ ಹೇಳಿದ, "ಸಾರು ಕುಡಿದಿದ್ದೀಯ. ನಡಿ." ಮುಂದಿನವನು. "ಸಾರು. ನಡಿ." ನೆಣ ಹಲ್ಲಿಗೆ ಸಿಗುತ್ತದೆ ಎಂದಿದ್ದ ಮುದುಕ ಟೋಪಿ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದ. ಸಾರು ಎಲ್ಲರ ಹೊಟ್ಟೆಯಲ್ಲೂ ಎಂದೋ ಕರಗಿತ್ತು, ಕಾನೂನಿನ ಹೊಟ್ಟೆಯಲ್ಲಿ ಮಾತ್ರ ಹಾಗೇ ಉಳಿದಿತ್ತು.

ಡಾರ್ಕಸ್ ಗಂಡನನ್ನು ಕಲ್ಲು ಸಾಗಿಸುವ ಕೈಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದಳು. ಕೆಸರಿನಲ್ಲಿ ಗಾಲಿ ಹೂತಾಗ ತೊಡೆ ಕೊಟ್ಟು ಎತ್ತಿದಳು. ಜನ ನಕ್ಕರು. ಮತದಾರರ ಮೆರವಣಿಗೆ ಬಂತು ಎಂದರು.

"ಗಿಡಿಯನ್ ಯೋ," ಎಂದ ಟರ್ಲ್. "ಬೆಳಿಗ್ಗೆ ನಿನ್ನ ಒಲೆ ನೋಡಿದೆ. ಬೂದಿಗೆ ಕೈ ಹಾಕಿದೆ. ತಣ್ಣಗಿದೆ. ಒಲೆ ಉರೀದೆ ಇದ್ದೋನಿಗೆ ಓಟಿಲ್ಲ."

"ಬಯಲಿಗೆ ಗೋಡೆ ಹಾಕಿದೋರು ಯಾರು ಸ್ವಾಮಿ?" ಎಂದಳು ಡಾರ್ಕಸ್.

"ನಾನು ಗೋಡೆ ಕೇಳಿದ್ನಾ? ಒಲೆ ಕೇಳಿದೆ. ಮುಂದಿನೋನು ಬಾರೋ."

"ನಿಲ್ಲಿ. ಬೀದೀಲಿ ಕುದಿಸಿ ತೋರಿಸ್ತೀವಿ."

ಟರ್ಲ್ ಕಟ್ಲಿಫ್ ಕಡೆ ನೋಡಿದ. ಲಾಕ್‌ನ ವಕೀಲ, "ಪದ್ಧತಿ ಇದೆ, ಇಲ್ಲ ಅನ್ನೋ ಹಾಗಿಲ್ಲ," ಎಂದು ಕೂಗಿದ. ಕಟ್ಲಿಫ್ ಭುಜ ಕುಣಿಸಿದ. "ಕುದಿಸ್ಲಿ ಬಿಡಿ. ಯಾವ ಉರುವಲಲ್ಲಿ ಕುದಿಸ್ತಾಳೋ ನೋಡೋಣ. ಮಾತನ್ನೇ ಉರಿಸ್ತಾಳಾ?"

ಡಾರ್ಕಸ್ ಮನೆಗೆ ಹೋಗಿ ತಲೆಯ ಮೇಲೆ ಬಟ್ಟೆ ಒಗೆಯುವ ಮರದ ತೊಟ್ಟಿ ಹೊತ್ತು ತಂದಳು. ಅದರೊಳಗೆ ಅವಳ ಅವ್ವ ಮದುವೆಯಲ್ಲಿ ಕೊಟ್ಟ ಕಬ್ಬಿಣದ ಗಡಿಗೆ, ಕೊಡಲಿ, ಬಂಗಲೆಯ ವಾರದ ಒಗೆತದ ಗಂಟು. ಅಟ್ಟಣೆಯ ಮುಂದೆ ಇಳಿಸಿದಳು. ಕೊಡಲಿ ಎತ್ತಿ ತೊಟ್ಟಿಗೆ ಬೀಸಿದಳು.

"ಏ, ಹುಚ್ಚಿ," ಎಂದ ಗಿಡಿಯನ್. "ಅದೇ ನಮ್ಮ ಅನ್ನ ಕಣೆ."

"ಹೌದು, ಅನ್ನಕ್ಕೇ ಬೆಂಕಿ ಹಚ್ತಿರೋದು. ಓಟು ಅಂದ್ರೆ ಸುಮ್ನೆನಾ?"

ಬೂದಿನೀರು ಕುಡಿದು ಕುಡಿದು ಗಟ್ಟಿಯಾದ ಮರ ಸುಲಭಕ್ಕೆ ಒಡೆಯಲಿಲ್ಲ. ಅವಳ ಬೆರಳುಗಳ ಸೀಳುಗಳು ಬಾಯಿಬಿಟ್ಟವು. ಕೊಡಲಿಯ ಕಾವು ರಕ್ತದಿಂದ ಜಾರುತ್ತಿತ್ತು. ಯಾರೂ ಕೈ ಹಾಕಲಿಲ್ಲ. ಕೊನೆಗೆ ತೊಟ್ಟಿ ಒಡೆಯಿತು, ಹಲಗೆಗಳು ಹೊಗೆಯಾಡಿ ಹೊತ್ತಿದವು. ಅವಳು ಬಾವಿಯಿಂದ ನೀರು ತಂದು ಗಡಿಗೆಗೆ ಸುರಿದಳು. ಗಂಟು ಬಿಚ್ಚಿ ಒಳಗಿದ್ದುದನ್ನು ಗಡಿಗೆಗೆ ತುಂಬಿ ಮುಚ್ಚಳ ಮುಚ್ಚಿದಳು.

ಚಳಿಯಲ್ಲಿ ಇಡೀ ಊರು ಒಂದು ಗಡಿಗೆ ಕುದಿಯುವುದನ್ನು ಕಾಯುತ್ತಾ ನಿಂತಿತ್ತು. ಎವರಾರ್ಡ್ ಎರಡು ಸಲ ಗಡಿಯಾರ ನೋಡಿಕೊಂಡ. ಸಾಮ್ರಾಜ್ಯದ ಕೆಲಸ ಹಾಗೆಯೇ, ತಾಳ್ಮೆ ಬೇಕು. ಅಂತೂ ಮುಚ್ಚಳ ಕುಣಿಯತೊಡಗಿತು.

ಟರ್ಲ್ ಕೆಳಗಿಳಿದು ಬಂದ. "ಏನು ಬೇಯಿಸ್ತಿದ್ದೀಯ?"

"ಕಾನೂನು ಅದನ್ನ ಕೇಳಲ್ಲ ಸ್ವಾಮಿ. ಕುದಿಯುತ್ತೋ ಇಲ್ವೋ ನೋಡಿ."

ಆದರೂ ಅವನು ಕೋಲಿನಿಂದ ಮುಚ್ಚಳ ಎತ್ತಿದ. ಆವಿ ಆರಿದ ಮೇಲೆ ಕೋಲು ಆಡಿಸಿ ಮೇಲಕ್ಕೆತ್ತಿದ. ಅದರ ತುದಿಗೆ ಉಬ್ಬಿದ ಒಳಚಡ್ಡಿಯೊಂದು ನೇತಾಡುತ್ತಿತ್ತು. ಸೊಂಟದ ಪಟ್ಟಿಯ ಮೇಲೆ ಪೆನ್‌ಹ್ಯಾಲೋ ಮನೆತನದ ಗಿಡುಗನ ಗುರುತು ಕೆಂಪು ದಾರದಲ್ಲಿ ಚೆಂದವಾಗಿ ಕಾಣುತ್ತಿತ್ತು.

"ಎವರಾರ್ಡ್ ಅಯ್ಯನೋರದ್ದು," ಎಂದಳು ಡಾರ್ಕಸ್. "ಇನ್ನೂ ಬೆಂದಿಲ್ಲ. ಗಟ್ಟಿ ಇದೆ."

ಜನ ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಹಿಡಿಯಲಾಗಲಿಲ್ಲ. ಓಟು ಕಳೆದುಕೊಂಡ ಮುದುಕ ಕೆಮ್ಮುವ ತನಕ ನಕ್ಕ. ಎವರಾರ್ಡ್ ಕಿವಿ ಕೆಂಪಗೆ ಮಾಡಿಕೊಂಡು ಆಕಾಶ ನೋಡಿದ. ಟರ್ಲ್ ಕೋಲನ್ನು ಮೆಲ್ಲಗೆ ಇಳಿಸಿದ. ಅವನಿಗೆ ಬೇರೆ ದಾರಿ ಇರಲಿಲ್ಲ.

"ಗಡಿಗೆ ಕುದೀತಿದೆ," ಎಂದ. "ಗಿಡಿಯನ್ ಯೋ, ಯಾರಿಗೆ ನಿನ್ನ ಓಟು?"

ನಗು ನಿಂತಿತು. ಕಟ್ಲಿಫ್ ಮೆಟ್ಟಿಲಿಳಿದು ಕೈಗಾಡಿಯ ಹತ್ತಿರ ಬಂದು, ಮಗುವಿನ ಮೇಲೆ ಬಾಗುವವನ ಹಾಗೆ ಬಾಗಿದ. "ಗಿಡಿಯನ್, ಚಳಿಗಾಲ ಇನ್ನೂ ಮುಗಿದಿಲ್ಲ ಕಣಪ್ಪ. ತಲೆ ಮೇಲೆ ಸೂರು ಅನ್ನೋದು ದೊಡ್ಡದು," ಎಂದ. ಅಷ್ಟೇ ಹೇಳಿದ. ಅದನ್ನು ಮೆಲ್ಲಗೆ ಹೇಳಬೇಕೆಂದೂ ಅವನಿಗೆ ಅನ್ನಿಸಲಿಲ್ಲ.

ಗಿಡಿಯನ್ ತನ್ನ ಕಾಲುಗಳನ್ನು ನೋಡಿಕೊಂಡ. ಹೆಂಡತಿಯ ಕಡೆ ನೋಡಲಿಲ್ಲ.

"ಎವರಾರ್ಡ್," ಎಂದ.

ಡಾರ್ಕಸ್ ಸಾರು ಬಿಟ್ಟದ್ದು, ತೊಟ್ಟಿ ಒಡೆದದ್ದು, ಇಪ್ಪತ್ತು ವರ್ಷದ ಹೊಗೆ, ಎಲ್ಲ ಸೇರಿ ದಣಿಗಳ ಮನೆಗೇ ಹೋಯಿತು. ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು, ಆ ಸಿಟ್ಟು ನಿಲ್ಲುವ ಮೊದಲೇ ಕನಿಕರವೂ ಬಂತು. ಎರಡೂ ಕೂಡಿ ಕೈಗೆ ಇಳಿದವು.

"ಬರೆದ್ರಾ ಸ್ವಾಮಿ?" ಎಂದಳು.

"ಬರೀತಿದ್ದೀನಿ ತಾಳು." ಟರ್ಲ್ ಲೇಖನಿ ಅದ್ದುತ್ತಿದ್ದ.

ಅವಳು ಗಡಿಗೆಯ ಕಿವಿಗಳನ್ನು ಬರಿಗೈಯಲ್ಲಿ ಹಿಡಿದಳು. ಚರ್ಮ ಚುರ್ರೆಂದಿತು. ಎತ್ತಿ, ಬೆಂಕಿಯ ಮೇಲೆ ಬೋರಲು ಹಾಕಿದಳು. ಬೆಂಕಿ ಬುಸ್ಸೆಂದು ಆರಿತು. ಎವರಾರ್ಡ್‌ನ ಕಾಲರುಗಳು, ಕಾಲುಚೀಲಗಳು, ಗಿಡುಗನ ಚಡ್ಡಿಗಳು ಹ್ಯಾಚ್‌ಕೂಮಿನ ಕೆಸರಿನಲ್ಲಿ ಹರಡಿಕೊಂಡವು.

"ಈಗ ನೋಡಿ ಬರೀರಿ. ಗಡಿಗೆ ಕುದೀತಿಲ್ಲ. ಗಡಿಗೆ ಕುದೀದೆ ಇದ್ದೋನಿಗೆ ಓಟಿಲ್ಲ."

"ಹೆಸರು ಹೇಳಿ ಆಯ್ತಲ್ಲೇ," ಎಂದು ಕಟ್ಲಿಫ್ ಗದರಿದ.

"ಹೆಸರು ಹೇಳಿದ್ದು ಅವನು. ಗಡಿಗೆ ನನ್ನವ್ವಂದು. ನೀರು ನಾನು ಹೊತ್ತಿದ್ದು. ಬೆಂಕಿ ನನ್ನ ತೊಟ್ಟೀದು. ಇದರಲ್ಲಿ ಅವಂದು ಏನಿದೆ ತೋರ್ಸಿ, ಅದನ್ನ ನಿಮ್ಮ ಎವರಾರ್ಡ್‌ಗೆ ಕೊಟ್ಟುಬಿಡ್ತೀನಿ. ನನ್ನ ಗಡಿಗೆ ಇನ್ನು ಯಾರಿಗೂ ಓಟು ಹಾಕಲ್ಲ."

ಲಾಕ್‌ನ ವಕೀಲ ಕುಣಿದಾಡಿದ. ಬರೆಯುವ ಹೊತ್ತಿಗೆ ಗಡಿಗೆ ಕುದಿಯುತ್ತಿರಲಿಲ್ಲ, ಓಟು ರದ್ದು, ಹೊಡೆದು ಹಾಕಿ, ಇಲ್ಲದಿದ್ದರೆ ಲಂಡನ್ನಿಗೆ ದೂರು ಎಂದ. ಟರ್ಲ್ ಬೆವರಿದ. ಬರೆದ ಅರ್ಧ ಹೆಸರಿನ ಮೇಲೆ ಗೆರೆ ಎಳೆದ. ಲಾಕ್ ಡಾರ್ಕಸ್ ಕಡೆ ನೋಡಿ ಹಲ್ಲು ಬಿಟ್ಟ.

"ನೀವೂ ನಗ್ಬೇಡಿ," ಎಂದಳು ಅವಳು. "ನಿಮಗೂ ಹಾಕಿಲ್ಲ."

ಮುಂದಿನ ಸರದಿ ಸೈಮನ್ ಪ್ರಿಂಗ್‌ನದ್ದು. ಟೋಪಿ ತೆಗೆದು, ಎದೆಯುಬ್ಬಿಸಿ, ಹೆಸರು ಹೇಳಲು ಬಾಯಿ ತೆರೆದಿದ್ದ. ಗುಂಪಿನಲ್ಲಿದ್ದ ಅವನ ಹೆಂಡತಿ ಜೋನ್ ಖಾಲಿ ತಟ್ಟೆಯನ್ನು ನೆನೆಸಿಕೊಂಡಳೋ ಏನೋ. ಏನೂ ಹೇಳದೆ ಮನೆಯ ಕಡೆ ನಡೆದಳು. ಟರ್ಲ್ ಹಾಳೆಯ ಮಸಿ ಒರೆಸಿ ಹೊಸ ಸಾಲು ಹಿಡಿಯುವಷ್ಟರಲ್ಲಿ ಪ್ರಿಂಗ್ ಮನೆಯ ಹೊಗೆಗೂಡು ಹೊಗೆಯಾಡುವುದನ್ನು ನಿಲ್ಲಿಸಿತು. ವಕೀಲ ಬೆರಳು ಮಾಡಿ ತೋರಿಸಿದ. ಸೈಮನ್ ತೆರೆದ ಬಾಯಿ ತೆರೆದೇ ಇತ್ತು.

"ಜೋನ್, ಏನೇ ಮಾಡಿದೆ?" ಎಂದು ಅವನು ಬೀದಿಗುಂಟ ಓಡಿದ.

"ಗಡಿಗೆ ಇಳಿಸ್ದೆ," ಎಂಬ ದನಿ ಬಾಗಿಲಿನಿಂದ ಬಂತು. "ಬೇಕಾದ್ರೆ ನೀನೇ ಊದಿ ಹಚ್ಕೋ. ಹೆಂಗೆ ಊದ್ತಾರೆ ಗೊತ್ತಾ?"

ಇನ್ನೂ ಕೆಲವು ಹೆಂಗಸರು ಮನೆಗೆ ಹೋದರು. ಎಲ್ಲರೂ ಹೋಗಲಿಲ್ಲ. ಹೋದವರಲ್ಲಿ ಕೆಲವರು ಗಂಡನ ಪೆಟ್ಟು ತಿಂದು ಮತ್ತೆ ಒಲೆ ಹಚ್ಚಿದರು. ಆದರೆ ಆ ಮಧ್ಯಾಹ್ನ ಹ್ಯಾಚ್‌ಕೂಮಿನ ಗಂಡಸರು ಮೊಣಕಾಲೂರಿ ಒಲೆ ಊದುತ್ತಾ, ಕಣ್ಣೊರೆಸುತ್ತಾ, ಕೆಮ್ಮುತ್ತಾ ಕಳೆದರೆಂಬುದು ಸತ್ಯ. ಆ ಊರಿನ ಚರಿತ್ರೆಯಲ್ಲಿ ಮೊದಲ ಬಾರಿಗೆ ಕಾನೂನು ಅಕ್ಷರಶಃ ಪಾಲನೆಯಾಯಿತು.

ಎವರಾರ್ಡ್ ಗೆದ್ದ. ಗೆಲ್ಲದೆ ಏನು? ಅಧಿಕಾರಿ ಅವರವನು, ಸೌಟು ಅವರದು. ಆದರೆ ಗೆದ್ದ ಸದಸ್ಯನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಮೆರೆಸುವ ಪದ್ಧತಿಯನ್ನು ಆ ಸಲ ಕೈಬಿಟ್ಟರು. ಬೀದಿಯಲ್ಲಿ ಅವನ ಚಡ್ಡಿಗಳು ಇನ್ನೂ ಬಿದ್ದಿದ್ದವು. ಎತ್ತಲು ಊರಿನ ಯಾವ ಹೆಂಗಸೂ ಬರಲಿಲ್ಲ.

ಕೈಗಾಡಿ ತಳ್ಳಿಕೊಂಡು ಹೋಗುವಾಗ ಗಿಡಿಯನ್ ಹೇಳಿದ, "ನಾನು ಹೆದರ್ಕೊಂಡೆ ಕಣೆ."

"ಗೊತ್ತು."

"ಸೂರು ಹೋಗ್ತದೆ ಅಂತ."

"ಸೂರು ಹೋಗೋದೇ. ಇವತ್ತು ನಾವಾಗಿ ಕಳ್ಕೊಂಡ್ವಿ. ಸುಮ್ನೆ ಕೂತ್ಕೊ, ಆಡಿದ್ರೆ ಗಾಡಿ ವಾಲ್ತದೆ." ಬೊಬ್ಬೆ ಎದ್ದ ಅಂಗೈಗಳಿಂದ ಅವಳಿಗೆ ಹಿಡಿಕೆ ಹಿಡಿಯಲು ಆಗುತ್ತಿರಲಿಲ್ಲ. ಮೊಣಕೈ ಸಂದಿಯಲ್ಲಿ ಸಿಕ್ಕಿಸಿಕೊಂಡು ತಳ್ಳಿದಳು. ಮತದಾರನನ್ನು ತಳ್ಳುವುದು ಎಂದಿನಿಂದಲೂ ಅವಳದೇ ಕೆಲಸ.

ವಾರ ಕಳೆಯುವುದರೊಳಗೆ ಕಟ್ಲಿಫ್‌ನ ಆಳುಗಳು ಬಂದು ಗುಡಿಸಲಿನ ಹುಲ್ಲು ಕಿತ್ತರು. ಒಲೆಯ ಕಲ್ಲುಗಳನ್ನೂ ಒಡೆದು ಹಾಕಿದರು, ಎಲ್ಲಿ ಇನ್ನೊಂದು ಓಟು ಮೊಳೆಯುತ್ತದೋ ಎಂಬ ಭಯಕ್ಕೆ. ಡಾರ್ಕಸ್ ಗಂಡನನ್ನೂ ಗಡಿಗೆಯನ್ನೂ ಅದೇ ಕೈಗಾಡಿಯಲ್ಲಿ ಹಾಕಿಕೊಂಡು ಬ್ರಿಸ್ಟಲ್ ದಾರಿ ಹಿಡಿದಳು. ಹೋಗುವಾಗ ಜೋನ್ ಪ್ರಿಂಗ್ ಓಡಿ ಬಂದು ಗಾಡಿಯಲ್ಲಿ ಒಂದು ರೊಟ್ಟಿ ಇಟ್ಟಳು. "ದಾನ ಅಲ್ಲ ಕಣವ್ವ," ಎಂದಳು. "ಗೊತ್ತು ಕಣೆ," ಎಂದಳು ಡಾರ್ಕಸ್.

ಎರಡು ವರ್ಷದ ಮೇಲೆ, ಬ್ರಿಸ್ಟಲ್ಲಿನ ಹಡಗುಕಟ್ಟೆಯ ಹಿಂದಿನ ಓಣಿಯಲ್ಲಿ, ಡಾರ್ಕಸ್ ನಾವಿಕರ ಬಟ್ಟೆ ಒಗೆಯುತ್ತಿದ್ದಳು. ಪಕ್ಕದ ಮನೆಯ ಚಮ್ಮಾರ ಮ್ಯಾಥಿಯಾಸ್ ಪತ್ರಿಕೆ ಓದಬಲ್ಲವನು. ಒಂದು ಸಂಜೆ ಹೊಸ್ತಿಲ ಮೇಲೆ ಕೂತು ಕೂಗಿ ಹೇಳಿದ, "ಡಾರ್ಕಸಕ್ಕ, ಹೊಸ ಕಾನೂನು ಬಂತು. ನಿಮ್ಮೂರನ್ನ ಪಾರ್ಲಿಮೆಂಟಿಂದ ತೆಗೆದುಹಾಕಿದ್ರು. ಹ್ಯಾಚ್‌ಕೂಮ್ ಅನ್ನೋ ಕ್ಷೇತ್ರ ಇನ್ಮೇಲೆ ಇಲ್ಲ."

"ಊರಿಗೇನಾಯ್ತಂತೆ?"

"ಊರು ಇದೆ. ಓಟಿಲ್ಲ, ಅಷ್ಟೆ. ಇನ್ಮೇಲೆ ದೊಡ್ಡ ಬಾಡಿಗೆ ಬರೋ ಮನೆ ಇದ್ದೋನಿಗೆ ಮಾತ್ರ ಹೊಸ ಓಟು."

ಒಳಗೆ ಮಲಗಿದ್ದ ಗಿಡಿಯನ್ ನಕ್ಕ. "ಗಡಿಗೆ ಓಟು ಹೋಯ್ತು, ಮನೆ ಓಟು ಬಂತು. ನಮಗೆ ಎರಡೂ ಇಲ್ಲ."

"ಹೆಂಗಸರ ಸುದ್ದಿ ಏನಾದ್ರೂ ಬರೆದಿದ್ದಾರಾ?" ಎಂದಳು ಡಾರ್ಕಸ್, ಬಟ್ಟೆ ಹಿಂಡುತ್ತಾ.

ಮ್ಯಾಥಿಯಾಸ್ ಪತ್ರಿಕೆಯನ್ನು ಬೆಳಕಿಗೆ ಹಿಡಿದ. "ಬರೆದಿದ್ದಾರೆ ನೋಡು. ಗಂಡಸಾಗಿರಬೇಕು ಅಂತ ಸ್ಪಷ್ಟವಾಗಿ ಹಾಕಿದ್ದಾರೆ. ಗಂಡಸರಿಗೆ ಮಾತ್ರ."

"ಮೊದಲು ಹಾಗೆ ಬರೆದಿರಲಿಲ್ಲ."

"ಇಲ್ಲವೇ ಇಲ್ಲ. ಇಷ್ಟು ಕಾಲ ಬರೆಯೋ ಅಗತ್ಯ ಬಿದ್ದಿರಲಿಲ್ಲ ಅಂತ ಕಾಣ್ತದೆ."

ಡಾರ್ಕಸಳ ಕೈ ನಿಂತಿತು. ಅಂಗೈಗಳಲ್ಲಿ ಗಡಿಗೆಯ ಕಿವಿಗಳ ಸುಟ್ಟ ಗುರುತು ಇನ್ನೂ ಇತ್ತು.

"ಹಂಗಾದ್ರೆ ಈಗ ಯಾಕೆ ಬಿತ್ತು?" ಎಂದಳು. "ಹೆದರ್ಕೊಂಡವ್ರೆ ಕಣಪ್ಪ."

ಹಿಂಡಿದ ಬಟ್ಟೆಯನ್ನು ಹಗ್ಗಕ್ಕೆ ಹಾಕಿ, ಒಳಗೆ ಹೋಗಿ, ತನ್ನ ಗಡಿಗೆಯನ್ನು ತನ್ನ ಒಲೆಯ ಮೇಲಿಟ್ಟಳು.